ತಪ್ಪಿಲ್ಲದ ಕಂಬಳಿ

ಉಣ್ಣೆ ವ್ಯಾಪಾರಿ ಅಲ್ಲಾಉದ್ದೀನ ಅಂಗಳಕ್ಕೆ ಬಂದಾಗ ಅವನ ಹೆಗಲ ಮೇಲೆ ಕಂಬಳಿ ಇತ್ತು. ಮಾದರಿಗೆಂದು ವಿಲಾಯತಿಗೆ ಹೋಗಿದ್ದ ಕಂಬಳಿ. ನೇಯ್ದವನಿಗೆ ತನ್ನ ಕಂಬಳಿ ಗುರುತು ಸಿಗದೇ ಇರುತ್ತದೆಯೇ? ಅಮಸಿದ್ದ ಮಗ್ಗದ ಕುಣಿಯೊಳಗೆ ಇಳಿಬಿಟ್ಟಿದ್ದ ಕಾಲನ್ನು ಮೇಲೆತ್ತಲೇ ಇಲ್ಲ.

“ತಿರುಗಿ ಬಂತೇನ್ರಿ ಮಾಮಾ?”

“ಬಂತಪಾ.”

ಕೊಯ್ನಾ ಭೂಕಂಪದ ಮರುವರ್ಷ ಅದು. ಶೇಗಾಂವದ ಆ ಓಣಿಯಲ್ಲಿ ಆಗಲೇ ಅರ್ಧಕ್ಕರ್ಧ ಮಗ್ಗಗಳು ಕೆಲಸವಿಲ್ಲದೆ ನಿಂತುಹೋಗಿದ್ದವು. ಅಮಸಿದ್ದನ ತಮ್ಮ ಶಿದ್ರಾಯ ಇಚಲಕರಂಜಿಯ ಪಾವರಲೂಮಿಗೆ ದುಡಿಯಲು ಹೋಗಿದ್ದ. ಈ ಮಾದರಿ ಒಪ್ಪಿಗೆಯಾದರೆ ಓಣಿಗೆಲ್ಲ ಕೈತುಂಬ ಕೆಲಸ ಎಂದು ಅದನ್ನು ಕಳಿಸಿಕೊಟ್ಟ ಮುಂಬೈಯ ಕಂಪನಿಯವರು ಅಂದಿದ್ದರು. ಅಷ್ಟು ಕೇಳಿದ್ದೇ ತಡ, ಅಮಸಿದ್ದ ತಮ್ಮನಿಗೆ ಊರಿಗೆ ಬಂದುಬಿಡು ಎಂದು ಹೇಳಿಕಳಿಸಿದ. ತಮ್ಮನ ಮಗ್ಗದ ಕುಣಿಯಲ್ಲಿ ಮರಿ ಹಾಕಿದ್ದ ಬೆಕ್ಕನ್ನು ಓಡಿಸಿ ಸಾರಿಸಿಯೂ ಇಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ.

ಹೆಂಡತಿ ಸಂಗವ್ವ ರಾಟೆ ಬಿಟ್ಟು ಎದ್ದು ಬಂದಳು. “ಏನ್ ತಪ್ಪಾಗೇತಂತ್ರಿ ಅಣ್ಣಾರ? ನನ್ನ ನೂಲ ದಪ್ಪಾತೇನು? ಹುಣಸಿಬೀಜದ ಗಂಜಿ ವಾಸನಿ ಹೊಡೀತೇನು?”

“ಏನೂ ತಪ್ಪಿಲ್ಲವ್ವಾ. ಭಾಳ ಚಲೋ ಐತಿ ಅಂದ್ರಂತ. ಆದ್ರ ನೇಯ್ದ ಕಂಬಳಿ ಅವರ ದೇಶದೊಳಗ ಹೋಗಬೇಕಾದ್ರ ಜಕಾತಿ ಕೊಡಬೇಕು. ಕಂಬಳಿ ಕಿಮ್ಮತ್ತಿಗಿಂತ ಜಕಾತಿನ ದೊಡ್ಡದು. ಬರೇ ಉಣ್ಣಿಗಾದ್ರ ಜಕಾತಿ ಇಲ್ಲ. ಉಣ್ಣಿ ಎಷ್ಟರ ಕಳಸ್ರಿ ಅಂತಾರ.”

“ಅದೆಂಥಾ ನ್ಯಾಯ?”

“ನೇಯೂ ಕೆಲಸ ಅವರ ಮಂದಿಗಿ ಬೇಕಲ್ಲವ್ವಾ.”

ಅಮಸಿದ್ದ ಇದನ್ನೆಲ್ಲ ಅರೆಕಿವಿಯಲ್ಲಷ್ಟೇ ಕೇಳಿಸಿಕೊಂಡ. ಅಷ್ಟರಲ್ಲಿ ಅವನು ಎದ್ದು ಬಂದು, ಕಂಬಳಿಯನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡುತ್ತಿದ್ದ.

“ಅಂಚಿನಾಗ ಎಲ್ಲೆರೆ ಎಳಿ ಬಿಟ್ಟೇತೇನು ನೋಡ್ರಿ ಮಾಮಾ.”

“ಇಲ್ಲೋ ಮಾರಾಯಾ.”

“ತಪ್ಪಿದ್ರ ಚಲೋ ಇತ್ತು. ತಿದ್ದತಿದ್ನಿ.”

ಆ ಓಣಿಯಲ್ಲಿ ಒಂದು ಕಟ್ಟುಪಾಡಿದೆ. ಕೊಂಡವರು ತಿರುಗಿ ಕೊಟ್ಟ ಕಂಬಳಿಯನ್ನು ಹೊದೆಯುವಂತಿಲ್ಲ, ಇನ್ನೊಬ್ಬರಿಗೆ ಮಾರುವಂತಿಲ್ಲ, ದೇವರ ಗದ್ದಿಗೆಗಂತೂ ಹಾಸುವಂತೆಯೇ ಇಲ್ಲ. ತಪ್ಪು ಹುಡುಕಿ, ಅಲ್ಲಿಯವರೆಗೆ ಬಿಚ್ಚಿ, ಮತ್ತೆ ನೇಯಬೇಕು. ಅಮಸಿದ್ದ ಹೊತ್ತು ಮುಳುಗುವತನಕ ಹುಡುಕಿದ. ತಪ್ಪು ಸಿಗಲಿಲ್ಲ. ಎಲ್ಲಿಯವರೆಗೆ ಬಿಚ್ಚಬೇಕೆಂದು ತಿಳಿಯದೆ ಪೂರ್ತಿ ಬಿಚ್ಚತೊಡಗಿದ. ತುಳಿದು ತುಳಿದು ಗಟ್ಟಿ ಮಾಡಿದ ನೇಯ್ಗೆ, ಎಳೆ ಬಿಡಲೊಲ್ಲದು. ಸಂಗವ್ವ ಇನ್ನೊಂದು ತುದಿ ಹಿಡಿದಳು.

ಗಂಟುಮೂಟೆ ಹೊತ್ತ ಶಿದ್ರಾಯ ಬಂದದ್ದು ಅಂಥ ಹೊತ್ತಿನಲ್ಲಿ. ಅಣ್ಣ ಅತ್ತಿಗೆ ಕಂಬಳಿ ಬಿಚ್ಚುವುದನ್ನು ಕಂಡೇ ಮಾದರಿ ತಿರುಗಿ ಬಂದದ್ದು ಅವನಿಗೆ ತಿಳಿಯಿತು. ಸಾರಿಸಿಟ್ಟ ತನ್ನ ಕುಣಿಯ ಅಂಚಿಗೆ ಕುಳಿತು ರೊಟ್ಟಿ ತಿಂದ. ಮರುದಿನ ಮೊದಲ ಎಸ್.ಟಿ. ಬಸ್ಸಿಗೆ ಹೊರಟುಹೋದ. ಇಚಲಕರಂಜಿಯಲ್ಲಿ ತನ್ನ ಜಾಗಕ್ಕೆ ಆಗಲೇ ಬೇರೊಬ್ಬ ಬಂದಿದ್ದನ್ನು ಅಣ್ಣನಿಗೆ ಹೇಳಲಿಲ್ಲ.

ಮುಂದಿನ ವಾರ ಅಲ್ಲಾಉದ್ದೀನ ಉಣ್ಣೆ ಕೊಳ್ಳಲು ತಕ್ಕಡಿ ತಂದ. ಅಮಸಿದ್ದ ಬಿಚ್ಚಿದ ನೂಲಿನ ಉಂಡೆಗಳನ್ನು ತಂದು ತಕ್ಕಡಿಯಲ್ಲಿಟ್ಟ.

“ನೇಯ್ಗಿ ಪೂರಾ ತಗದೀನ್ರಿ ಮಾಮಾ. ಇನ್ನ ಜಕಾತಿ ಇಲ್ಲಲ್ಲ?”

ಅಲ್ಲಾಉದ್ದೀನ ಅವನ ಮುಖ ನೋಡಲಾರದೆ ಉಂಡೆಗಳನ್ನು ಒಂದೊಂದಾಗಿ ಕೆಳಗಿಟ್ಟ. “ನೂಲಿಗೂ ಜಕಾತಿ ಐತೋ ಅಮಸಿದ್ದ.”

ಆ ನೂಲು ಸಂಗವ್ವನ ಕೈಯಿಂದ ಬಂದದ್ದು. ಅವಳು ಒಂದು ಉಂಡೆ ಎತ್ತಿಕೊಂಡು ಅಲ್ಲೇ ಕುಳಿತು, ಎಳೆಯ ಹುರಿಯನ್ನು ಬೆರಳಿನಿಂದ ಬಿಡಿಸಿ ಹಿಂಜತೊಡಗಿದಳು. ಅಂಗಳದ ಗೂಟದ ಹತ್ತಿರ, ಮೊನ್ನೆಯಷ್ಟೇ ಉಣ್ಣೆ ಕತ್ತರಿಸಿದ ಕುರಿ ಬೋಳು ಮೈಯಲ್ಲಿ ನಿಂತಿತ್ತು.

“ಇನ್ನ ಇದನ್ನ ಹೊಳ್ಳಿ ಕುರಿ ಮೈಗಿ ಹಚ್ಚೂದೊಂದ ಉಳೀತು” ಅಂದಳು.