ಖಾಲಿ ಚಿಪ್

"ಗಗನಾ, ಅದು ಖಾಲಿ ಚಿಪ್. ಅದರ ಮೇಲೆ ನಾನಿನ್ನೂ ನ್ಯಾನೋ ತಂತಿ ಬೆಳೆಸೇ ಇಲ್ಲ," ಎಂದ ಲ್ಯಾಬಿನ ಜೊತೆಗಾರ ಸುದರ್ಶನ್. ಅಷ್ಟರಲ್ಲಿ ಅವಳು ದೀಪ ಹಾಕಿಯಾಗಿತ್ತು. ಪರದೆಯ ಮೇಲೆ ವಿದ್ಯುತ್ತಿನ ಗೆರೆ ಪ್ರತಿ ಸಲ ಏರುವಷ್ಟೇ ಏರಿ ನಿಂತಿತು.

ಗಗನಾ ದೀಪ ಆರಿಸಿದಳು, ಗೆರೆ ಇಳಿಯಿತು. ಮತ್ತೆ ಹಾಕಿದಳು, ಏರಿತು. ಬೆರಳು ಸ್ವಿಚ್ಚಿನ ಮೇಲೆಯೇ ಉಳಿಯಿತು. ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ತಂತಿಗಳು ಬೆಳಕನ್ನು ಗುರುತಿಸುತ್ತವೆಂದು ನಂಬಿ ಫರೀದಾಬಾದಿನ ಈ ಲ್ಯಾಬಿನಲ್ಲಿ ನಾಲ್ಕು ವರ್ಷ ಅಳೆದಿದ್ದಳು, ಪೇಪರ್ ಪ್ರಕಟಿಸಿದ್ದಳು, ಥೀಸಿಸ್ ಬರೆದು ಮುಗಿಸಿದ್ದಳು. ಇಷ್ಟು ದಿನ ಬೆಳಕಿಗೆ ಸ್ಪಂದಿಸಿದ್ದು ಆ ತಂತಿಗಳ ಕೆಳಗಿದ್ದ ಚಿಪ್ಪಿನ ಬರೀ ಸಿಲಿಕಾನ್.

"ಇನ್ನೊಂದು ಸಲ ನೋಡೋಣ ಕಣೆ."

"ಎಷ್ಟು ಸಲ ನೋಡಿದರೂ ಅಷ್ಟೇ," ಎಂದು ಅವಳು ತನ್ನ ಗೈಡ್ ಬಸವಲಿಂಗಪ್ಪನವರಿಗೆ ಫೋನ್ ಮಾಡಿದಳು. ಊರು ಬಿಟ್ಟು ಬಂದವಳನ್ನು ಮನೆಮಗಳಂತೆ ನೋಡಿಕೊಂಡವರು ಅವರು. ನಡೆದದ್ದನ್ನೆಲ್ಲ ಹೇಳಿ, "ಸರ್, ನಮ್ಮ ಪೇಪರ್ ವಾಪಸ್ ತಗೋಬೇಕು," ಎಂದಳು.

ಅವರು ಮೆಲ್ಲಗೆ, "ಗೊತ್ತಮ್ಮ. ಹೋದ ವರ್ಷ ನಾನೂ ಖಾಲಿ ಚಿಪ್ ಇಟ್ಟು ನೋಡಿದ್ದೆ. ನೀನು ಸುಮ್ಮನೆ ಥೀಸಿಸ್ ಸಬ್ಮಿಟ್ ಮಾಡಿಬಿಡು," ಎಂದರು.

ಅದಾದ ಮೇಲೂ ಅವರು ಪ್ರತಿ ಸೋಮವಾರ ಅವಳ ನೋಟ್‌ಬುಕ್ಕಿನ ಅಳತೆಗಳ ಮೇಲೆ ಕಣ್ಣಾಡಿಸಿ, ಕೆಳಗೆ "ಗುಡ್" ಎಂದು ಬರೆದು ಸಹಿ ಹಾಕಿದ್ದರು. ಅವಳು ಪ್ರತಿ ಸಲವೂ ಹಿಗ್ಗಿದ್ದಳು.

ಗಗನಾ ಏನೋ ಹೇಳಲು ಬಾಯಿ ತೆರೆದಳು. ನಾಲ್ಕು ವರ್ಷದ ರೂಢಿಯಂತೆ, "ಆಯ್ತು ಸರ್," ಎಂದೇ ಬಂತು.