ಎರಡೂ ಕೆನ್ನೆಯ ಗುಂಡಿಗಳು

ಒಂದು ನಿಮಿಷ, ಇದನ್ನು ಪೂರ್ತಿ ಕೇಳಿಬಿಡಿ. ಮನುಷ್ಯರ ಹಾಗೇ ಕಾಣುವ ಯಂತ್ರಗಳು ಊರು ತುಂಬಿಕೊಂಡ ಮೇಲೆ, ಗಂಡು ನೋಡುವ ಶಾಸ್ತ್ರದಲ್ಲಿ ಮೊದಲು ಸವರಿ ನೋಡುವುದು ಕೆನ್ನೆಯನ್ನೇ. ಯಂತ್ರಕ್ಕೆ ಮೊಡವೆ ಏಳುವುದಿಲ್ಲ, ಕಲೆಯೂ ಉಳಿಯುವುದಿಲ್ಲ.

ಭಾರ್ಗವಿಗೆ ತ್ರಿವಿಕ್ರಮ ಹಿಡಿಸಿದ್ದ. ಆದರೆ ಅವಳ ಅಜ್ಜಿ ಅವನ ಕೆನ್ನೆ ಸವರಿ, ತಟ್ಟನೆ ಕೈ ತೆಗೆದರು.

"ಎಡಗಡೆ ಇರೋ ಮೊಡವೆ ಗುಂಡಿಗಳೇ ಬಲಗಡೆನೂ ಇವೆಯಲ್ಲಪ್ಪಾ! ಅಚ್ಚು ಒತ್ತಿದ ಹಾಗೆ!"

ಅವನು ತಲೆ ತಗ್ಗಿಸಿದ. "ಲೇಸರ್‌ನಲ್ಲಿ ಮಾಡಿಸಿದ್ದು ಅಜ್ಜಿ. ನಂಗೆ ಮೊಡವೆನೇ ಬರ್ಲಿಲ್ಲ. ಹುಡುಗ ನುಣ್ಣಗಿದ್ದಾನೆ ಅಂತ ಎಲ್ರೂ ಬೇಡ ಅಂದ್ರು. ಕ್ಲಿನಿಕ್ಕಲ್ಲಿ ಆಳದ ಗುಂಡಿ, ಅಗಲದ ಗುಂಡಿ ತೋರ್ಸಿದ್ರು, ಅಗಲದ್ದು ಹಾಕಿಸ್ಕೊಂಡೆ. ಯಂತ್ರ ಆಗಿದ್ರೆ ಇಂಥ ದಡ್ಡತನ ಮಾಡ್ತಿದ್ನಾ?"

ಭಾರ್ಗವಿಗೆ ನಗು ಬಂತು.

"ನಗಬೇಡ್ವೇ," ಅಜ್ಜಿ ಗದರಿದರು. "ಯಂತ್ರಾನೂ ಇದೇ ಮಾತು ಹೇಳತ್ತೆ."

ಅವಳ ನಗು ನಿಂತಿತು. ಒಪ್ಪಿಗೆಯಾದರೆ ಹುಡುಗಿ ಎರಡನೇ ಲೋಟ ಕಾಫಿ ಕೊಡುವುದು, ಇಲ್ಲದಿದ್ದರೆ ಸುಮ್ಮನೆ ಒಳಗೆ ಹೋಗುವುದು ಅವರ ಮನೆಯ ಪದ್ಧತಿ. ಕಾಫಿ ಅವಳ ಕೈಯಲ್ಲೇ ಆರುತ್ತಿತ್ತು. ಅವನು ನೆಲ ನೋಡುತ್ತ ಕೆನ್ನೆ ಕೆರೆದುಕೊಳ್ಳುತ್ತಿದ್ದ.

ನೀವಾಗಿದ್ದರೆ ಕೊಡುತ್ತಿದ್ದಿರಾ?