ನಮ್ಮದಲ್ಲದ ಬಾಗಿಲು

"ಈ ಬಾಗಿಲು ನಮ್ಮದು ಕಣೋ," ಎಂದರು ಅಪ್ಪ.

ಮಗ ಕಾರಿನ ಬಾಗಿಲನ್ನು ಗೋಡೆಗೆ ಒರಗಿಸಿ ಬೆವರು ಒರೆಸಿಕೊಂಡ. ಗುಜರಿ ಅಂಗಡಿಯಿಂದ ಆಗಷ್ಟೇ ತಂದದ್ದು. ಬಣ್ಣ ಕೆಂಪು. ಅವರ ಕಾರು ನೀಲಿಯದಾಗಿತ್ತು.

"ಅಲ್ಲಪ್ಪ. ನಮ್ಮದು ಕಳುವಾಯ್ತಲ್ಲ. ಇದು ಬೇರೆಯವರದು."

ತಪ್ಪು ಹೇಳಿದಾಗೆಲ್ಲ ಮೆತ್ತಗೆ ತಿದ್ದಿ, ಹೂಂಗುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರು. ಮಗ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ.

ಎರಡು ವರ್ಷದ ಹಿಂದೆ ಅಂಗಳದಲ್ಲಿ ನಿಲ್ಲಿಸಿದ್ದ ಪುಟ್ಟ ಕಾರು ಬೆಳಗಾಗುವಷ್ಟರಲ್ಲಿ ಮಾಯವಾಗಿತ್ತು. ನಲವತ್ತು ವರ್ಷ ಗ್ಯಾರೇಜು ನಡೆಸಿದ ಅಪ್ಪ ತಮಗೆಂದು ಇಟ್ಟುಕೊಂಡಿದ್ದ ಗಾಡಿ ಅದೊಂದೇ. ಅದರ ಸಣ್ಣ ಎಂಜಿನ್ನಿಗೆ ತಾವೇ ಟರ್ಬೊ ಕೂರಿಸಿ, ಏರಿನಲ್ಲಿ ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕಿ ನಗುತ್ತಿದ್ದರು. ಅದು ಗಡಿ ದಾಟಿರಬೇಕು ಎಂದು ಪೊಲೀಸರು ಕೈತೊಳೆದುಕೊಂಡರು. ಅಲ್ಲಿಂದಾಚೆ ಅಪ್ಪನ ನೆನಪು ಕೈಕೊಡತೊಡಗಿತು. ಕನ್ನಡಕ ಸಕ್ಕರೆ ಡಬ್ಬಿಯಲ್ಲಿ ಸಿಗುತ್ತಿತ್ತು. ತೀರಿಹೋದ ಅಮ್ಮನಿಗೆ ಟೀ ಬೇಕೇನೋ ಕೇಳು ಎನ್ನುತ್ತಿದ್ದರು.

ಕೈಗೆ ಕೆಲಸವಿದ್ದರೆ ತಲೆಯೂ ಒಂದು ಕಡೆ ನಿಂತೀತು ಎಂದುಕೊಂಡು ಮಗ ಅದೇ ಮಾದರಿಯ, ತುಕ್ಕು ಹಿಡಿದ ಬರೀ ಬಾಡಿಯೊಂದನ್ನು ತಂದ. ಅವನೋ ಬ್ಯಾಂಕಿನ ಗುಮಾಸ್ತ. ಸ್ಪ್ಯಾನರಿನ ತಲೆ ಯಾವುದು, ಬಾಲ ಯಾವುದು ತಿಳಿಯದು. ಆ ಮಾದರಿ ತಯಾರಾಗುವುದು ನಿಂತು ಮೂವತ್ತು ವರ್ಷವಾಗಿತ್ತು. ಊರಲ್ಲಿ ಅದರ ಬಿಡಿಭಾಗ ಸಿಗುತ್ತಿದ್ದದ್ದು ಒಂದೇ ಒಂದು ಗುಜರಿ ಅಂಗಡಿಯಲ್ಲಿ. ಮಗ ತರುವುದು, ಅಪ್ಪ ಕೂರಿಸುವುದು. ನಟ್ಟು ಬಿಗಿಯುವಾಗ ಆ ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ದಾರಿ ತಪ್ಪುತ್ತಿದ್ದದ್ದು ಮಾತು ಮಾತ್ರ.

ಬಾಡಿಯನ್ನು ತಟ್ಟಿ ನೋಡಿ "ನಮ್ಮದಲ್ಲ" ಎಂದಿದ್ದರು. ಸೀಟು ಬಂದಾಗಲೂ "ನಮ್ಮದಲ್ಲ." ಗೇರ್‌ಬಾಕ್ಸಿಗೆ "ನಮ್ಮದು." ಟರ್ಬೊ ಬಂದ ದಿನ ಮಸಿ ಒರೆಸಿ, ಬೆಸುಗೆಯ ಮೇಲೆ ಬೆರಳಾಡಿಸಿ, ಕಣ್ಣಲ್ಲಿ ನೀರು ತಂದುಕೊಂಡು "ನಮ್ಮದೇ" ಎಂದರು. ಬೇರೇನೂ ತೋಚದೆ ಮಗ ಅಂದೂ ತಿದ್ದಿದ.

ಈಗ ಬಾಗಿಲ ಸರದಿ. ಅಪ್ಪ ಅದನ್ನು ಅಲ್ಲಾಡಿಸಿದರು. ಒಳಗೆ ಏನೋ ಟಣ್ ಎಂದಿತು.

"ಕೇಳಿಸ್ತಾ? ಇಪ್ಪತ್ತೈದು ವರ್ಷ ಪ್ರತಿ ತಿರುವಲ್ಲೂ ಕೇಳಿದೀನಿ ಈ ಸದ್ದನ್ನ. ಊರವರ ಗಾಡಿಯೆಲ್ಲಾ ಬಿಚ್ಚಿದೆ, ನಂದು ಬಿಚ್ಚೋಕೆ ಪುರುಸೊತ್ತಾಗಲಿಲ್ಲ."

"ಹಳೇ ಬಾಗಿಲು ಸದ್ದು ಮಾಡದೇ ಇರುತ್ತೇನಪ್ಪ?"

ಮರುದಿನ ಮಗ ಬ್ಯಾಂಕಿನಲ್ಲಿದ್ದಾಗ ಅಪ್ಪ ನೇರ ಗುಜರಿ ಅಂಗಡಿಗೆ ಹೋಗಿ, ಅಂಗಡಿಯವನ ಕೊರಳಪಟ್ಟಿ ಹಿಡಿದು "ಕಳ್ಳ, ಕಳ್ಳ" ಎಂದು ಕೂಗಿದರು. ಜನ ಸೇರಿದರು. ಅವನು ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. ಅಪ್ಪನನ್ನು ತನ್ನ ಗಾಡಿಯಲ್ಲೇ ಕೂರಿಸಿಕೊಂಡು, ಯಾರನ್ನೂ ದಾರಿ ಕೇಳದೆ, ಮನೆಯ ಬಾಗಿಲವರೆಗೂ ತಂದು ಬಿಟ್ಟ. ಮಗ ಓಡೋಡಿ ಬಂದ.

"ವಯಸ್ಸಾದವರು, ಪಾಪ. ಪೊಲೀಸು ಗಿಲೀಸು ಏನೂ ಬೇಡ ಸಾರ್. ಇನ್ಮೇಲೆ ಅಂಗಡಿ ಕಡೆ ಬಿಡಬೇಡಿ, ಅಷ್ಟೇ ಸಾಕು."

ಮಗ ಅವನ ಎರಡೂ ಕೈ ಹಿಡಿದು ಕ್ಷಮೆ ಕೇಳಿದ.

ಸಂಜೆ ಅಕ್ಕ ಬಂದಳು. "ಇವತ್ತು ಕೊರಳಪಟ್ಟಿ. ನಾಳೆ ಸುತ್ತಿಗೆ ಎತ್ತಿದ್ರೆ? ವೃದ್ಧಾಶ್ರಮದಲ್ಲಿ ಒಂದು ಹಾಸಿಗೆ ಖಾಲಿ ಇದೆಯಂತೆ."

"ನಾನು ನೋಡ್ಕೋತೀನಿ ಅಕ್ಕ."

"ನೀನು! ಆರು ವರ್ಷದವನಿದ್ದಾಗ ಆಡ್ತೀನಿ ಅಂತ ನನ್ನ ಪದಕ ಇಸ್ಕೊಂಡೆ, ಒಂದು ದಿನ ಜೋಪಾನ ಮಾಡೋಕಾಗಲಿಲ್ಲ ನಿನ್ನ ಕೈಲಿ. ಈಗ ಅಪ್ಪನ್ನ ಜೋಪಾನ ಮಾಡ್ತೀಯಾ?"

ಮನೆಯಲ್ಲಿ ಸವೆದುಹೋದ ತಮಾಷೆ ಅದು. ಅಕ್ಕ ಓಟದಲ್ಲಿ ಗೆದ್ದ ಆ ಪದಕವನ್ನು ಎಲ್ಲಿ ಕಳೆದನೆಂದು ಅವನಿಗೆ ಇಂದಿಗೂ ನೆನಪಿಲ್ಲ. ಆದರೆ ಅಕ್ಕ ಈ ಸಲ ನಗುತ್ತಿರಲಿಲ್ಲ, ಅಳುತ್ತಿದ್ದಳು. ಕಣ್ಣೊರೆಸಿಕೊಂಡು ಅಪ್ಪನ ಮುಂದೆ ಕೂತಳು.

"ಅಪ್ಪ, ಒಂದೇ ಒಂದು ಸಲ ಕೇಳ್ತೀನಿ. ಸರಿಯಾಗಿ ಹೇಳಿದ್ರೆ ಎಲ್ಲಿಗೂ ಹೋಗೋದು ಬೇಡ. ಆ ಬಾಗಿಲು ಯಾರದು?"

"ಬೇರೆಯವರದು ಅಂದ್ಬಿಡಪ್ಪ," ಎಂದು ಮಗ ಗೋಗರೆದ.

ಅಪ್ಪ ಮಗನನ್ನು ನೋಡಿದರು, ಮಗಳನ್ನು ನೋಡಿದರು. ಅವರಿಗೂ ಮನೆ ಬಿಡಲು ಇಷ್ಟವಿರಲಿಲ್ಲ.

"ಸುಳ್ಳು ಹೇಗಮ್ಮಾ ಹೇಳಲಿ? ನಮ್ಮದು."

ವಾರ ಕಳೆಯುವುದರೊಳಗೆ ಅವರ ಪೆಟ್ಟಿಗೆ ಕಟ್ಟಾಯಿತು.

ಉಳಿದ ಕೆಲಸವನ್ನು ಮಗ ಒಬ್ಬ ಮೆಕ್ಯಾನಿಕ್ ಕೈಲಿ ಮುಗಿಸಿ, ಕಾರಿಗೆ ನೀಲಿ ಬಣ್ಣ ಹೊಡೆಸಿದ. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅದನ್ನು ಓಡಿಸಿಕೊಂಡು ಆಶ್ರಮಕ್ಕೆ ಹೋದ. ಟರ್ಬೊ ಸಿಳ್ಳು ಹಾಕುತ್ತಿತ್ತು. ಅಪ್ಪ ದಾದಿಯ ಕೈ ಹಿಡಿದು ಅಂಗಳಕ್ಕೆ ಬಂದರು. ಮೊದಲಿಗಿಂತ ಬಹಳ ಇಳಿದುಹೋಗಿದ್ದರು.

"ಈಗ ಎಷ್ಟೋ ಸುಧಾರಿಸಿದಾರೆ," ಎಂದಳು ದಾದಿ. "ಹೇಳಿಕೊಟ್ಟಿದ್ದು ಮರೆಯೋದೇ ಇಲ್ಲ."

ಅಪ್ಪ ಬಾಗಿಲನ್ನು ತೆರೆದರು, ಮುಚ್ಚಿದರು. ಟಣ್. ಅವರ ಮುಖ ಅರಳಿತು. ಆಮೇಲೆ ದಾದಿಯತ್ತ ಓರೆಗಣ್ಣಿನಿಂದ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು.

"ನಮ್ಮದಲ್ಲ," ಎಂದು ಪಾಠ ಒಪ್ಪಿಸುವವರಂತೆ ಹೇಳಿದರು. "ಬೇರೆಯವರದು. ಈಗ ಸರಿಯಾಗಿ ಹೇಳಿದ್ನಾ? ಮನೆಗೆ ಕರ್ಕೊಂಡು ಹೋಗ್ತೀಯಾ?"

ಅಕ್ಕನನ್ನು ಕೇಳಿ ಹೇಳುತ್ತೇನೆ ಎಂದ ಮಗ. ಅಷ್ಟೇ ಅವನ ಕೈಲಾದದ್ದು.

ಹಿಂದಿರುಗುವಾಗ ಒಂದೊಂದು ತಿರುವಿನಲ್ಲೂ ಬಾಗಿಲು ಟಣ್ ಎನ್ನುತ್ತಿತ್ತು. ನಾಲ್ಕನೆಯ ತಿರುವಿಗೆ ಅವನಿಗೆ ತಡೆಯಲಾಗಲಿಲ್ಲ. ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಸ್ಕ್ರೂ ಬಿಚ್ಚಿ, ಬಾಗಿಲಿನ ಒಳಹಲಗೆಯನ್ನು ಕಿತ್ತ. ಗಾಜಿನ ಸಂದಿಯಿಂದ ಎಂದೋ ಒಳಗೆ ಬಿದ್ದಿದ್ದ, ಕಪ್ಪಿಟ್ಟ ಹಿತ್ತಾಳೆಯ ಬಿಲ್ಲೆಯೊಂದು ಉರುಳಿ ಅವನ ಕಾಲ ಬಳಿ ಬಿತ್ತು. ಹೆಬ್ಬೆರಳಿನಿಂದ ಉಜ್ಜಿದ.

"ಓಟ, ಪ್ರಥಮ" ಎಂದಿತ್ತು. ಅದರ ಕೆಳಗೆ ಅಕ್ಕನ ಹೆಸರು.